ಓಲ್ಡ್ ಐರನ್‌ನ ಒಪ್ಪಿಗೆ

ಕೊರ್ತಾಲಿಮ್‌ನ ಸಣ್ಣ ಕ್ಲಾಸ್ ಹಾಲ್‌ನ ಬಾಗಿಲಲ್ಲಿ ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡ ಯುವಕನೊಬ್ಬ ನಿಂತಿದ್ದ. ಜಯಶ್ರೀ ತಲೆ ಎತ್ತಿದಳು. ನಿನ್ನೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ರಿಪೇರಿಯವರೇನ್ರಿ? ಒಳಗ ಬರ್ರಿ. ಆ ಮೂಲ್ಯಾಗಿನ ಕಂಪ್ಯೂಟರ್ ಭಾಳ ಸದ್ದು ಮಾಡಾಕತ್ತೈತಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಹೆಸರು ಕುಬೇರ, ಸಾವರ್ಡೆಯವನು ಎಂದ. ಇನ್ನೇನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ, ಮೂಲೆಗೆ ಹೋಗಿ ಬ್ಯಾಗಿನಿಂದ ಸ್ಕ್ರೂ ಡ್ರೈವರ್ ತೆಗೆದ. ನೋಡಿದ್ದು ಮಾತ್ರ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು.

ಆ ಹಾಲ್‌ನ ಕಂಪ್ಯೂಟರುಗಳೆಲ್ಲ ಮುಚ್ಚಿಹೋದ ಗಣಿ ಆಫೀಸಿನವು. ಈಗಿನ ಬ್ರೌಸರುಗಳು ಅವುಗಳಲ್ಲಿ ತೆರೆಯುವುದೇ ಇಲ್ಲ. ಇಂಥ ಮುದಿ ಮಷೀನುಗಳಿಗೆಂದೇ ಊರೂರಿನ ಸ್ವಯಂಸೇವಕರು ಸೇರಿ ಒಂದು ಬ್ರೌಸರ್ ಕಟ್ಟುತ್ತಿದ್ದರು, ಯಾರಿಗೂ ಸಂಬಳವಿಲ್ಲ. ವಾಸ್ಕೋದ ಕೆಲಸ ಮುಗಿಸಿ ಬಂದು ಜಯಶ್ರೀಯೂ ಅದಕ್ಕೆ ಕೋಡ್ ಬರೆಯುತ್ತಿದ್ದಳು. ಅದರಲ್ಲಿ ಕನ್ನಡ ಅಕ್ಷರ ಮೂಡಿಸುವ ಭಾಗ ಪೂರ್ತಿ ಅವಳದೇ.

ಆದರೆ ಯಾರು ಬರೆದರೂ ಇನ್ನೊಬ್ಬರು ನೋಡಿ ಒಪ್ಪದೆ ಅದು ಬ್ರೌಸರಿಗೆ ಸೇರುವಂತಿಲ್ಲ. ಒಪ್ಪಬೇಕಾದವನು 'ಓಲ್ಡ್ ಐರನ್' ಎಂಬ ಮಹಾಶಯ. ಅಸಲಿ ಹೆಸರು ಯಾರಿಗೂ ಗೊತ್ತಿಲ್ಲ. ಗಣೇಶ ಚವತಿಯಲ್ಲಿ ಕಳಿಸಿದ ಕೋಡಿಗೆ, ಹೋಳಿಯ ಹೊತ್ತಿನ ಶಿಗ್ಮೊ ಹಬ್ಬ ಹತ್ತಿರ ಬಂದರೂ ಒಂದಲ್ಲ ಒಂದು ಕೊಕ್ಕೆ ಹಾಕುತ್ತಲೇ ಇದ್ದ. ಒಂದನ್ನು ತಿದ್ದಿದರೆ ಇನ್ನೊಂದು. ಅದೂ ಎಷ್ಟು ನಯವಾದ ಇಂಗ್ಲಿಷಿನಲ್ಲಿ! ಬೈದುಕೊಳ್ಳುತ್ತಲೇ ಅವನ ಉತ್ತರಕ್ಕೆ ಕಾಯುತ್ತಿದ್ದಳಲ್ಲ, ಅದಕ್ಕೆ ತನ್ನ ಮೇಲೂ ಅವಳಿಗೆ ಸಿಟ್ಟಿತ್ತು.

"ಟೀಚರ್, ಇಲ್ಲಿ ನೋಡ್ ಬಾ," ಸತ್ಯವ್ವ ಕೂಗಿದಳು. ಹೊಳೆಯ ಸೇತುವೆಯಾಚೆ ಕಟ್ಟಡದ ಕೆಲಸಕ್ಕೆ ಹೋಗುವವಳು, ಭಾನುವಾರ ಮಾತ್ರ ಜಯಶ್ರೀ ಇಲ್ಲಿ ನಡೆಸುವ ಕನ್ನಡ ಓದುವ ಕ್ಲಾಸಿಗೆ ಬರುತ್ತಾಳೆ. ಅವಳ ಪರದೆಯ ತುಂಬ ಅಕ್ಷರಗಳ ಬದಲು ಬರೀ ಚೌಕಗಳು. "ವಾರೆಲ್ಲಾ ಇಟ್ಟಂಗಿ ಹೊತ್ತೀನಿ. ಇಲ್ಲೂ ಇಟ್ಟಂಗೀನ ಅದಾವಲ್ಲವ್ವಾ!"

ಜಯಶ್ರೀಗೆ ಮೈಯೆಲ್ಲ ಉರಿಯಿತು.

"ಕೇಳ್ರಿ ರಿಪೇರಿಯವರ! ಒಬ್ಬಾಂವ ಅದಾನ, ಓಲ್ಡ್ ಐರನ್ ಅಂತ. ಯಾವ್ದೋ ಥಂಡಿ ದೇಶದಾಗ ಕುಂತು ನಮ್ಮ ಕನ್ನಡಾನ ತಡದ್ ಇಟ್ಟಾನ. ನಿನ್ನಿ ಬರದೀನಿ ಅವಂಗ, ಧಮ್ ಇದ್ರ ಕೊರ್ತಾಲಿಮ್ ಹಾಲ್‌ಗೆ ಬಂದು ಕಣ್ಣಾರೆ ನೋಡು ಅಂತ."

ಕುಬೇರ ಸ್ಕ್ರೂ ಡ್ರೈವರ್ ಕೆಳಗಿಟ್ಟು ಎದ್ದು ನಿಂತ.

"ಅದಕ್ಕ ಬಂದೀನ್ರಿ."

"ಏನಂದ್ರಿ?"

"ಓಲ್ಡ್ ಐರನ್ ನಾನ ರೀ."

ಇಷ್ಟು ದಿನ ಇಬ್ಬರೂ ಇಂಗ್ಲಿಷಿನಲ್ಲಿ ಕಿತ್ತಾಡಿದ್ದರು, ಬಸ್ಸು ಹತ್ತಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಕೂತು.

"ಕನ್ನಡದವರಾಗಿ ಹಿಂಗ ಮಾಡೂದೇನ್ರಿ?"

"ಮೊದ್ಲ ಖರೇನ ತಪ್ಪಿದ್ವು. ಹಳೇ ಮಷೀನ್ ನಿಂತ ಬಿಡ್ತಿದ್ವು."

"ಆಮ್ಯಾಲ?"

"ದೀಪಾವಳಿ ಹೊತ್ತಿಗೆ ಎಲ್ಲಾ ಸರಿ ಆಗಿತ್ರಿ."

"ಮತ್ತ ಯಾಕ ಒಪ್ಪಲಿಲ್ಲ?"

ಅವನು ನೆಲ ನೋಡಿದ. "ಒಪ್ಪಿದ ಕೂಡ್ಲೆ ಎಲ್ಲಾರೂ ಥ್ಯಾಂಕ್ಸ್ ಹೇಳಿ ಹೋಗೇಬಿಡ್ತಾರ. ನೀವೂ ಹೋಗ್ತಿದ್ರಿ. ದಿನಾ ಕೆಲಸ ಮುಗಿಸಿ ಬಂದ ಕೂಡ್ಲೆ ನೀವು ಏನರ ಬರದೀರೇನಂತ ನೋಡೂದು ರೂಢಿ ಆಗಿತ್ರಿ ನನಗ. ಬೈದಿದ್ರೂ ಚಲೋ ಅನಸ್ತಿತ್ತು."

ಬೇರೆ ಹುಡುಗಿಯಾಗಿದ್ದರೆ ನಾಚಿಕೊಳ್ಳುತ್ತಿದ್ದಳೇನೋ. ಜಯಶ್ರೀಯ ಕಿವಿ ಕೆಂಪಾದದ್ದು ಕೋಪಕ್ಕೆ.

"ನಿಮಗ ನನ್ನ ಕೂಡ ಮಾತು ಬೇಕಂತ ಸತ್ಯವ್ವಕ್ಕ ಇಟ್ಟಂಗಿ ನೋಡ್ಕೋತ ಕುಂದರಬೇಕೇನ್ರಿ? ಆಕಿ ಏನ್ ಮಾಡಿದ್ಲು ನಿಮಗ?"

"ತಪ್ಪಾತ್ರಿ. ಇವ್ರ ಮಾರಿ ನೋಡಿದ ಮ್ಯಾಲ ಭಾಳ ನಾಚಿಕಿ ಆಗಾಕತ್ತೈತಿ."

"ನಾಚಿಕಿ ಆಮ್ಯಾಲ. ಮೊದ್ಲ ಒಪ್ಪಿಗಿ ಒತ್ರಿ. ನನ್ನ ಮುಂದ."

ಅವನು ಫೋನು ತೆಗೆದು ಒತ್ತಿದ. ಬ್ರೌಸರಿನ ಹೊಸ ಆವೃತ್ತಿ ಇಳಿಸಿಕೊಳ್ಳಲು ಹಳೆಯ ಮಷೀನು ಕರಕರ ಎನ್ನುತ್ತ ಸಾಕಷ್ಟು ಸತಾಯಿಸಿತು. ಆಮೇಲೆ ಚೌಕಗಳು ಹೋಗಿ ಅಕ್ಷರಗಳು ಬಂದವು. ಸತ್ಯವ್ವ ಸುದ್ದಿಯ ಪುಟದ ಮೇಲೆ ಬೆರಳಿಟ್ಟು ಓದಿದಳು.

"ವಿ... ಜ... ಯ... ಪು... ರ. ಅಯ್ಯ, ನಮ್ಮೂರಾಗ ಬಿಸಲು ಭಾಳ ಐತಂತ!" ಅದೇ ದೊಡ್ಡ ಸಂತೋಷದ ಸುದ್ದಿಯೆಂಬಂತೆ ನಕ್ಕಳು.

ಜಯಶ್ರೀ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ತಿರುಗಿದರೆ ಕುಬೇರ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

"ಬರ್ತೀನ್ರಿ. ಇನ್ನ ನನ್ನ ಕಡೆ ನಿಮಗ ಕೆಲಸ ಇಲ್ಲ."

ಇಷ್ಟು ತಿಂಗಳು ಕಾಡಿ, ಈಗ ಹೊರಟೇಬಿಟ್ಟನೇ? ಅವಳಿಗೆ ಮತ್ತೆ ಸಿಟ್ಟು ಬಂತು. ಈ ಸಲದ್ದು ಬೇರೆ ಸಿಟ್ಟು.

"ನಿಂದರ್ರಿ! ಇಲ್ಲೊಂದು ಒತ್ತಕ್ಷರದ ಕಾಲು ಕತ್ತರಿಸಿ ಹೋಗೈತಿ."

ಅವನು ಓಡಿಬಂದು ಪರದೆಗೆ ಬಗ್ಗಿದ. ಅವನ ಭುಜ ಅವಳ ಭುಜಕ್ಕೆ ತಾಗಿತು. ಅವಳು ಸರಿಯಲಿಲ್ಲ.

"ಎಲ್ಲೈತ್ರಿ? ಎಲ್ಲಾ ಸರಿ ಐತಲ್ಲ."

"ಇಲ್ಲ. ನಾ ಒಪ್ಪಬೇಕು, ಆವಾಗ ಸರಿ." ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ಐತಾರಕ್ಕೊಮ್ಮೆ ಬಂದು ತೋರಸ್ರಿ."

ಕುಬೇರ ಅವಳ ಕೆಂಪು ಕಿವಿ ನೋಡಿದ. ಅವನಿಗೆ ಎಲ್ಲ ತಿಳಿಯಿತು.

"ಯಾವಾಗ ಒಪ್ತೀರಿ?"

"ಅವಸರ ಮಾಡಬ್ಯಾಡ್ರಿ," ಎಂದಳು. "ನೀವು ಒಪ್ಪಾಕ ಅವಸರ ಮಾಡಿದ್ರೇನು?"