ಟ್ಯಾಂಕ್ ಖಾಲಿಯಾದ ರಾತ್ರಿ

ಟಿಣ್.

ಕಬ್ಬಿಣಕ್ಕೆ ಕಬ್ಬಿಣ ತಗುಲಿದ ಸದ್ದು. ಗಂಟೆ ಎರಡು ದಾಟಿತ್ತು. ತಗಡಿನ ಚಾವಣಿಯ ಮೇಲೆ ಮಳೆ ಹನಿಯುತ್ತಿತ್ತು. ಉಸಿರು ಬಿಗಿಹಿಡಿದು ಕೇಳಿದೆ. ಸದ್ದು ಮತ್ತೆ ಬರಲಿಲ್ಲ. ಆದರೆ ಕೇಳಲೇಬೇಕಿದ್ದ ಇನ್ನೊಂದು ಸದ್ದು ನಿಂತುಹೋಗಿತ್ತು. ಚಾವಣಿಯ ನೀರು ಟ್ಯಾಂಕಿಗೆ ಬೀಳುವ ಸದ್ದು.

ಹೊರಗೆ ಹೋಗಲು ಧೈರ್ಯವಾಗಲಿಲ್ಲ. ಕೊಡಲಿ ಹಿಡಿದು ಬಾಗಿಲ ಹಿಂದೆ ಕುಳಿತೆ.

ಬೆಳಕು ಹರಿದ ಮೇಲೆ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ದಿನವೂ ಹೀಗೆ ತಟ್ಟಿಯೇ ಮಟ್ಟ ನೋಡುವುದು. ನೀರಿರುವಲ್ಲಿ ಮಂದ ಸದ್ದು, ಇಲ್ಲದಲ್ಲಿ ಪೊಳ್ಳು. ಅಂದು ಬುಡದವರೆಗೂ ಪೊಳ್ಳು. ಕೆಳಗಿನ ನಲ್ಲಿ ಪೂರ್ತಿ ತೆರೆದಿತ್ತು. ಇಪ್ಪತ್ತೆರಡು ಸಾವಿರ ಲೀಟರ್ ನೀರು ಹೋಗಿತ್ತು. ಡಿಸೆಂಬರ್ ತಿಂಗಳು. ದಕ್ಷಿಣ ಗೋಳಾರ್ಧದ ಬೇಸಿಗೆ ಆಗಷ್ಟೇ ಶುರುವಾಗಿತ್ತು.

ಅಡಿಲೇಡಿನ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ದುಡಿದು, ಉಳಿಸಿದ್ದನ್ನೆಲ್ಲ ಸುರಿದು ಮಳೆ ಕಮ್ಮಿಯ ಮ್ಯಾಲಿ ಸೀಮೆಯ ಈ ನಲವತ್ತು ಎಕರೆ ಕುರುಚಲು ನೆಲ ಕೊಂಡಿದ್ದೆ. ಇಲ್ಲಿ ಬಾವಿಯಿಲ್ಲ, ಕರೆಂಟಿಲ್ಲ, ಅದಕ್ಕೇ ಅಗ್ಗ. ಬಿಸಿಲಿನಿಂದ ದೀಪ, ಚಾವಣಿಯಿಂದ ನೀರು, ನನ್ನದೇ ತರಕಾರಿ. ಯಾರ ಹಂಗೂ ಬೇಡ ಎಂದುಕೊಂಡು ಬಂದವಳು. ಈಗ ನೀರಿಲ್ಲದಿದ್ದರೆ ಮಾರಿ ಹೊರಡುವುದೊಂದೇ ದಾರಿ.

*

ಕಾನ್‌ಸ್ಟೇಬಲ್ ಹಾರ್ಟಿಗನ್ ಅರವತ್ತು ಕಿಲೋಮೀಟರ್ ದೂರದ ಪೇಟೆಯಿಂದ ಬಂದ.

"ನಲ್ಲಿ ನೀವೇ ತೆರೆದಿಟ್ಟು ಮರೆತಿಲ್ಲ ತಾನೇ, ನೆರಿಡಾ? ಸಿಟಿಯಿಂದ ಬಂದವರು ಮೊದಲ ವರ್ಷ ಏನೇನೋ ಮಾಡ್ಕೋತಾರೆ."

ಚಾವಣಿಯಿಂದ ಟ್ಯಾಂಕಿಗೆ ಇಳಿಯುವ ಪೈಪನ್ನು ತೋರಿಸಿದೆ. ಯಾರೋ ಅದನ್ನು ಬಿಚ್ಚಿ ಆಚೆ ತಿರುಗಿಸಿದ್ದರು. ಅವನ ನಗು ನಿಂತಿತು.

"ಮಳೆ ನೀರೂ ದಕ್ಕಬಾರದು ಅಂತ ಮಾಡಿದ್ದಾನೆ. ನಿಮ್ಮನ್ನ ಓಡಿಸೋ ಪ್ಲಾನು. ಈ ಜಾಗ ಇನ್ಯಾರಿಗೆ ಬೇಕಿತ್ತು?"

ವಿನ್ಸ್‌ನ ಹೆಸರು ಹೇಳಿದೆ. ಪಶ್ಚಿಮಕ್ಕೆ ಎರಡು ಕಿಲೋಮೀಟರ್ ದೂರದಲ್ಲಿ ಹಳೆಯ ಬಸ್ಸಿನೊಳಗೆ ಒಬ್ಬನೇ ಇರುತ್ತಾನೆ. ಈ ನೆಲಕ್ಕೆ ಅವನೂ ಬೆಲೆ ಕಟ್ಟಿದ್ದ. ನೀವು ಎರಡು ಬೇಸಿಗೆ ನಿಲ್ಲೋದಿಲ್ಲ ಎಂದು ಒಮ್ಮೆ ನನ್ನ ಮುಖಕ್ಕೇ ಹೇಳಿದ್ದ. ಹಾರ್ಟಿಗನ್ ಬರೆದುಕೊಂಡ. ವಿನ್ಸ್ ಮೇಲೆ ಹಳೆಯ ಕೇಸೊಂದಿದೆ, ಇನ್ನೊಂದು ಬಿದ್ದರೆ ಜೈಲೇ ಗತಿ, ಮಂಗಳವಾರ ಬಂದು ಕರೆದೊಯ್ಯುತ್ತೇನೆ ಎಂದ.

ಸುದ್ದಿ ತಿಳಿದು ಮಧ್ಯಾಹ್ನ ಡೆನ್ ಲಿಂಡ್ನರ್ ಬಂದ. ಉತ್ತರದ ಬೇಲಿಯಾಚೆಯ ಗೋಧಿ ಹೊಲ ಅವನದು. ಪೀಪಾಯಿ ತುಂಬ ಕುಡಿಯುವ ನೀರು ತಂದಿದ್ದ. ಟ್ಯಾಂಕ್ ಹೇಗೂ ಖಾಲಿ ಎಂದು ಒಳಗಿಳಿದು ತಿಕ್ಕಿದ. ಆಮೇಲೆ ಏಣಿ ಹಾಕಿ ಚಾವಣಿಯನ್ನೂ ತಿಕ್ಕಿದ. ಅದೇಕೆಂದು ಕೇಳಿದ್ದಕ್ಕೆ ಹಕ್ಕಿ ಹಿಕ್ಕೆ ಎಂದ. ಟೀ ಕುಡಿಯದೇ ಹೋದ.

*

ಎರಡು ರಾತ್ರಿ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿದೆ. ಭಾನುವಾರ ಬೆಳಿಗ್ಗೆ ಜಮೀನು ಮಾರಿಕೊಡಿ ಎಂದು ದಲ್ಲಾಳಿಗೆ ಕಾಗದ ಬರೆದು, ಟೊಮೆಟೊ ಪಾತಿಯ ಕಡೆ ನಡೆದೆ.

ಎಲೆಗಳು ಮುದುಡಿದ್ದವು. ಬಾಡಿದ್ದಲ್ಲ. ಹಸಿರಾಗಿಯೇ ಇದ್ದು ಮುಷ್ಟಿ ಬಿಗಿದಂತೆ ಒಳಕ್ಕೆ ಸುರುಳಿ ಸುತ್ತಿಕೊಂಡಿದ್ದವು. ಅದೂ ಉತ್ತರದ ಸಾಲಿನಲ್ಲಿ ಮಾತ್ರ. ಮನೆಯ ಮರೆಯಲ್ಲಿದ್ದ ಗಿಡಗಳಿಗೆ ಏನೂ ಆಗಿರಲಿಲ್ಲ.

ಮತ್ತೆ ಟ್ಯಾಂಕಿನ ಹತ್ತಿರ ಹೋದೆ. ಹೆದರಿಕೆಯಲ್ಲಿ ನೋಡದೇ ಬಿಟ್ಟದ್ದೆಲ್ಲ ಈಗ ಕಂಡಿತು. ಬಿಚ್ಚಿದ ಪೈಪಿನ ಸ್ಕ್ರೂಗಳು ಮಣ್ಣಿನಲ್ಲಿ ಬಿದ್ದಿರಲಿಲ್ಲ. ಕಿಟಕಿಯ ಹೊರಗಟ್ಟೆಯ ಮೇಲಿದ್ದ ಡಬ್ಬಿಯೊಂದರಲ್ಲಿ ನಾಲ್ಕೂ ಜೋಪಾನವಾಗಿದ್ದವು. ಕೆಸರಿನಲ್ಲಿ ಅಗಲವಾದ ಪೈಪು ಎಳೆದ ಗುರುತು ಪಾತಿಗೆ ತಾಗದಂತೆ ಸುತ್ತಿಬಳಸಿ ರಸ್ತೆಯ ಚರಂಡಿಯವರೆಗೆ ಹೋಗಿತ್ತು. ನನ್ನನ್ನು ಓಡಿಸಲು ಬಂದವನು ನನ್ನ ಟೊಮೆಟೊಗಳನ್ನು ಉಳಿಸುವುದೇಕೆ? ಹೋದದ್ದು ಟ್ಯಾಂಕಿನ ನೀರು. ಲಿಂಡ್ನರ್ ಚಾವಣಿ ತಿಕ್ಕಿದ್ದೇಕೆ?

ಒಂದು ಎಲೆ ಕಿತ್ತು ಲಿಂಡ್ನರ್‌ನ ಶೆಡ್ಡಿಗೆ ಹೋದೆ.

*

ಎಲೆಯನ್ನು ಅವನ ಮುಂದೆ ಇಟ್ಟೆ.

"ಗುರುವಾರ ಮಧ್ಯಾಹ್ನ ನೀವು ಹೊಲಕ್ಕೆ ಕಳೆನಾಶಕ ಹೊಡೀತಿದ್ದದ್ದು ನಾನು ನೋಡಿದ್ದೆ. ಗಾಳಿ ನನ್ನ ಕಡೆ ತಿರುಗಿತು. ಔಷಧಿ ನನ್ನ ಚಾವಣಿ ಮೇಲೆ ಬಿತ್ತು. ರಾತ್ರಿ ಮಳೆ ಬಂದು ಅದನ್ನ ಟ್ಯಾಂಕಿಗೆ ಇಳಿಸ್ತು. ಪೈಪ್ ಬಿಚ್ಚಿದ್ದು ಮಳೆ ನೀರು ನನಗೆ ದಕ್ಕಬಾರದು ಅಂತಲ್ಲ. ವಿಷ ಇನ್ನಷ್ಟು ಇಳೀಬಾರದು ಅಂತ."

ಅವನು ಎಲೆಯನ್ನು ಮುಟ್ಟಲಿಲ್ಲ.

"ನಿಲ್ಲಿಸ್ಬೇಕಿತ್ತು. ಇನ್ನೊಂದೇ ಸುತ್ತು ಅಂದ್ಕೊಂಡೆ," ಎಂದ. "ರಾತ್ರಿ ಮಳೆ ಸದ್ದು ಕೇಳ್ತು. ಬೆಳಿಗ್ಗೆದ್ದು ನೀವು ಟೀಗೆ ನೀರು ಹಿಡೀತೀರಿ ಅನ್ನಿಸ್ತು. ಹಾಸಿಗೇಲಿ ಇರೋಕಾಗ್ಲಿಲ್ಲ."

"ಬಾಗಿಲು ತಟ್ಟಬಹುದಿತ್ತಲ್ಲ? ನಾನು ಒಳಗೆ ಕೊಡಲಿ ಹಿಡ್ಕೊಂಡು ಕೂತಿದ್ದೆ, ಡೆನ್."

"ಹೇಳಿದ್ರೆ ಲೈಸೆನ್ಸ್ ಹೋಗುತ್ತೆ. ಊರವರ ಹೊಲಕ್ಕೆಲ್ಲ ಔಷಧಿ ಹೊಡೆದೇ ನಾನು ಬದುಕೋದು. ಎರಡು ವರ್ಷದಿಂದ ಗೋಧಿ ಕೈ ಕೊಟ್ಟಿದೆ."

"ವಿನ್ಸ್ ಜೈಲಿಗೆ ಹೋಗ್ತಿದ್ದ."

ಅದು ಅವನಿಗೆ ಗೊತ್ತಿರಲಿಲ್ಲ. ಮುಖ ಬಿಳಿಚಿತು. ಟೋಪಿ ಹಾಕಿಕೊಂಡು, ಈಗಲೇ ಹೋಗಿ ಹಾರ್ಟಿಗನ್‌ಗೆ ಹೇಳುತ್ತೇನೆ ಎಂದು ಲಾರಿಯ ಕಡೆ ನಡೆದ. ಅವನ ಲೈಸೆನ್ಸ್ ಹೋಗುವುದು ನನಗೆ ಬೇಕಿರಲಿಲ್ಲ. ನಾನು ತಡೆದೆ.

"ಈ ಬೇಸಿಗೆ ಪೂರ್ತಿ ನನಗೆ ನೀರು ನೀವೇ ತರಬೇಕು. ಗಾಳಿ ಇನ್ನೊಮ್ಮೆ ತಿರುಗಿದ್ರೆ, ಎಷ್ಟು ಹೊತ್ತಾಗಿದ್ರೂ ಬಾಗಿಲು ತಟ್ಟಬೇಕು."

ಅವನು ತಲೆಯಾಡಿಸಿದ.

*

ಸೋಮವಾರ ಹಾರ್ಟಿಗನ್‌ಗೆ ಫೋನ್ ಮಾಡಿದೆ. ಟ್ಯಾಂಕ್ ತೊಳೆಯಲೆಂದು ಪೈಪು ಬಿಚ್ಚಿದ್ದು ನಾನೇ, ನಲ್ಲಿ ತೆರೆದಿಟ್ಟು ಮರೆತವಳೂ ನಾನೇ, ಹೇಳಲು ನಾಚಿಕೆಯಾಯಿತು ಎಂದೆ. ಅವನು ಬಹಳ ಹೊತ್ತು ನಕ್ಕ. ದಲ್ಲಾಳಿಯ ಕಾಗದವನ್ನು ಒಲೆಗೆ ಹಾಕಿದೆ. ಮುದುಡಿದ ಟೊಮೆಟೊ ಗಿಡಗಳನ್ನು ಕಿತ್ತೆ.

ಗುರುವಾರ ಪೇಟೆಯ ಅಂಗಡಿಯಲ್ಲಿ ಹಿಟ್ಟು ಕೊಳ್ಳುತ್ತಿದ್ದಾಗ ಹಿಂದಿನಿಂದ ವಿನ್ಸ್‌ನ ದನಿ ಕೇಳಿತು.

"ಮೇಡಂ, ಬರೋವಾಗ ನಲ್ಲಿ ಮುಚ್ಚಿ ಬಂದ್ರಾ? ನಿಮ್ಮಂಥವರು ಎರಡು ಬೇಸಿಗೆ ನಿಲ್ಲಲ್ಲ ಅಂತ ನಾನು ಸುಮ್ನೆ ಹೇಳಿದ್ದಲ್ಲ."

ಅಂಗಡಿಯವರೆಲ್ಲ ನಕ್ಕರು. ಗೋಧಿ ಚೀಲಗಳ ಪಕ್ಕದಲ್ಲಿ ನಿಂತಿದ್ದ ಲಿಂಡ್ನರ್ ನೆಲ ನೋಡುತ್ತಿದ್ದ. ಆ ನಗು ನಿಲ್ಲಿಸಲು ನನ್ನ ಒಂದೇ ಮಾತು ಸಾಕಾಗಿತ್ತು. ಅದು ನಾಲಿಗೆಯ ತುದಿಯವರೆಗೂ ಬಂದಿತ್ತು.

ಇನ್ನೆಂದೂ ಯಾರಿಗೂ ಹೇಳುವುದಿಲ್ಲ ಎಂದು ಆ ಗಳಿಗೆಯಲ್ಲಿ ನಿಶ್ಚಯಿಸಿದೆ. ಹಿಟ್ಟಿನ ಚೀಲವನ್ನು ಹೆಗಲಿಗೇರಿಸಿಕೊಂಡು, ಅವರೊಡನೆ ನಾನೂ ನಕ್ಕು, ಹೊರಗೆ ಬಂದೆ.