ಎಣ್ಣೆಯಿಲ್ಲದೆ ಹೊರಟ ಕೆಂಪು ಕಾರು

“ಅಕ್ಕಾ, ಐದು ಗಂಟೆಗೆ ಇನ್‌ಸ್ಪೆಕ್ಟರ್ ಬರ್ತಾರೆ. ಅಷ್ಟರೊಳಗೆ ನೀವು ಏನಾದ್ರೂ ಮಾಡ್ಲೇಬೇಕು.”

ಎದುರುಮನೆಯ ದಂತವೈದ್ಯರ ಹೆಂಡತಿ ಹೀಗೆಂದು ಕುರ್ಚಿಯಲ್ಲಿ ಕುಸಿದಾಗ ಮಂಗಳವಾರ ಮಧ್ಯಾಹ್ನ ಮೂರು ದಾಟಿತ್ತು. ಅವಳ ಎರಡು ಕಾಲಿಗೂ ಬೇರೆ ಬೇರೆ ಜೋಡಿಯ ಚಪ್ಪಲಿಗಳಿದ್ದವು. ನಾನು ಓಡಿಹೋಗಿ ನೀರು ತಂದುಕೊಟ್ಟೆ. ಇಂಥ ಹೊತ್ತಿನಲ್ಲಿ ನನಗೆ ಮಾಡಲು ಬರುವುದು ಅಷ್ಟೇ. ಎದುರಿಗಿದ್ದವರು ಅತ್ತರೆ ಮೊದಲು ನನ್ನ ಕಾಲು ಓಡುತ್ತವೆ, ಬುದ್ಧಿ ಆಮೇಲೆ. ನಮ್ಮಕ್ಕನದು ತದ್ವಿರುದ್ಧ. ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಕೂತು ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡವಳು ಅವಳು. ಬೀದಿಯವರೆಲ್ಲ ‘ಶಾರ್ಟ್‌ಹ್ಯಾಂಡ್ ಅಕ್ಕ’ ಎಂದೇ ಕರೆಯುತ್ತಿದ್ದರು. ನನ್ನದು ಕನ್ನಡಕದ ಅಂಗಡಿ. ಅಕ್ಕ ಪತ್ತೇದಾರಿಕೆಗೆ ಹೊರಟಾಗಲೆಲ್ಲ ಅವಳ ಬೆನ್ನಿಗೆ ಓಡುವುದು ನನ್ನ ಎರಡನೆಯ ಉದ್ಯೋಗ.

ಭಾನುವಾರದ ಅಪಘಾತ ನಮಗೆ ಗೊತ್ತೇ ಇತ್ತು. ದಂತವೈದ್ಯರ ಕೆಂಪು ಸ್ಪೋರ್ಟ್ಸ್ ಕಾರಿನ ಎಂಜಿನ್ನು ಉದ್ಯಾನದ ತಿರುವಿನಲ್ಲಿ ಇದ್ದಕ್ಕಿದ್ದಂತೆ ಬಿಗಿಹಿಡಿದು ನಿಂತುಹೋಗಿ, ಕಾರು ಗಿರ್ರನೆ ಸುತ್ತಿ ಗೋಡೆಗೆ ಬಡಿದಿತ್ತು. ಅವರ ಬಲಗೈ ಎರಡು ಕಡೆ ಮುರಿದಿತ್ತು.

“ನನ್ನ ತಮ್ಮ ಅವತ್ತು ಬೆಳಗ್ಗೆ ಕಾರಿನ ಕೆಲಸ ಮಾಡ್ತಿದ್ದ,” ಎಂದಳು ಅವಳು. “ಕುಡಿದು ಬಂದು ನನ್ನ ಮಗನ ಪ್ರಾಣ ತೆಗೆಯೋಕೆ ನೋಡಿದ ಅಂತ ನಮ್ಮತ್ತೆ ದೂರು ಕೊಡ್ತಿದಾರೆ. ಆ ಹಾಳು ಎಣ್ಣೆ ಬಿಟ್ಟು ಹನ್ನೊಂದು ತಿಂಗಳಾಯ್ತು ಅಕ್ಕಾ ಅವನು! ಈಗ ಊಟ ಇಲ್ಲ, ಮಾತಿಲ್ಲ, ಗ್ಯಾರೇಜಲ್ಲೇ ಕೂತಿರ್ತಾನೆ. ಕೇಸಾದ್ರೆ ಮತ್ತೆ ಶುರು ಮಾಡ್ತಾನೆ. ಇನ್ನೊಂದು ಸಲ ಶುರುವಾದ್ರೆ ಉಳಿಯಲ್ಲ ಅಂತ ಡಾಕ್ಟ್ರು ಆಗ್ಲೇ ಹೇಳಿದಾರೆ.”

ಅಕ್ಕ ತನ್ನ ಪುಸ್ತಕ, ಪೆನ್ಸಿಲ್ಲು ತೆಗೆದುಕೊಂಡು ಎದ್ದಳು. “ಅಳೋಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ನಡಿಯಮ್ಮ.”

ಗ್ಯಾರೇಜು ಚೊಕ್ಕಟವಾಗಿತ್ತು. ಮೂಲೆಯ ಟಬ್ಬಿನಲ್ಲಿ ಕಪ್ಪಗಿನ ಹಳೆಯ ಎಣ್ಣೆ ಅಂಚಿನವರೆಗೆ ತುಂಬಿತ್ತು. ಕಟ್ಟೆಯ ಮೇಲೆ ಜಾಕು, ಸ್ಪ್ಯಾನರುಗಳು, ಕ್ಲಿನಿಕ್ಕಿನ ಚೀಟಿಯಿದ್ದ ಒಂದು ಸ್ಪಿರಿಟ್ ಬಾಟಲಿ, ಒಂದು ಚಿಂದಿ ಬಟ್ಟೆ ಇದ್ದವು. ಎಂಟು ಹೊಸ ಎಣ್ಣೆ ಡಬ್ಬಗಳ ಪೆಟ್ಟಿಗೆಯ ಪಕ್ಕದಲ್ಲಿ ಆ ತಮ್ಮ ಕೂತಿದ್ದ. ಲೇತ್ ಕೆಲಸದವನು; ಬೆರಳುಗಳು ದಪ್ಪ, ದನಿ ಮಾತ್ರ ತೀರಾ ಸಣ್ಣ.

“ತಳದ ಬೋಲ್ಟ್ ಬಿಚ್ಚಿ ಹಳೇದು ಇಳಿಸಿದೆ,” ಎಂದ ಅವನು, ನೆಲ ನೋಡುತ್ತಾ. “ಬೋಲ್ಟ್ ಜಾಗ ಸ್ಪಿರಿಟ್ಟಲ್ಲಿ ಒರೆಸಿದೆ. ಭಾವನೇ ಕ್ಲಿನಿಕ್ಕಿಂದ ತಂದುಕೊಟ್ಟಿದ್ರು. ಅರ್ಧ ನನ್ನ ಅಂಗಿ ಮೇಲೇ ಚೆಲ್ಲಿತು. ಬೋಲ್ಟು, ಹೊಸ ಫಿಲ್ಟರು ಬಿಗಿ ಮಾಡಿ ಜಾಕ್ ಇಳಿಸಿದೆ. ಕಾರು ಸಮತಟ್ಟಾಗಿ ನಿಂತ ಮೇಲೇನೇ ಹೊಸದು ಹಾಕೋದು. ಆಮೇಲೆ ನೋಡಿದ್ರೆ ಡಬ್ಬದ ಮೇಲಿರೋದು ಬೇರೆ ನಂಬರು, ಈ ಕಾರಿಂದಲ್ಲ. ಅಷ್ಟನ್ನೂ ಹೊತ್ಕೊಂಡು ಅಂಗಡಿಗೆ ಹೋದೆ, ಬದಲಾಯಿಸ್ಕೊಂಡು ಬರೋಣ ಅಂತ. ಬಂದು ನೋಡಿದ್ರೆ ಕಾರೇ ಇರ್ಲಿಲ್ಲ.”

“ಯಾರಿಗೂ ಹೇಳದೆ ಹೋದ್ಯಾ?”

“ಭಾವ ಸ್ನಾನಕ್ಕೆ ಹೋಗಿದ್ರು. ಕಾರಿನ್ನೂ ರೆಡಿ ಇಲ್ಲ ಅಂತ ಅವರ ಅಮ್ಮನಿಗೆ ಹೇಳಿಯೇ ಹೋದೆ. ಇಲ್ಲ, ಹೇಳ್ಲಿಲ್ಲ ಅಂತಾರೆ ಅವರು. ನನ್ನ ಮಾತು ಯಾರು ನಂಬ್ತಾರೆ ಬಿಡಿ.”

ಅಕ್ಕ ಪೆಟ್ಟಿಗೆಗೆ ಅಂಟಿಸಿದ್ದ ಅಂಗಡಿಯ ಚೀಟಿ ಓದಿದಳು: ಭಾನುವಾರ, ಬೆಳಗ್ಗೆ ಹತ್ತು ನಲವತ್ತು. ಆಮೇಲೆ ಚಿಂದಿ ಬಟ್ಟೆಯನ್ನು ನನ್ನ ಮೂಗಿಗೆ ಹಿಡಿದಳು. ನನಗೆ ಕೆಮ್ಮು ಬಂತು.

ಅಡುಗೆಮನೆಯಲ್ಲಿದ್ದ ಅತ್ತೆ ನಮ್ಮನ್ನು ಕಂಡೊಡನೆ ಸೌಟು ಕೆಳಗಿಟ್ಟರು.

“ಅವನು ಕಾರಿನ ಸುದ್ದೀನೇ ಎತ್ಲಿಲ್ಲ!” ಎಂದರು. “ಬಾಗಿಲಲ್ಲಿ ನಿಂತು, ನಾನು ಕೇಳದೇನೇ, ಕುಡಿದಿಲ್ಲ ಅಂತ ಹೇಳಿ ಹೋದ. ಮೈಯೆಲ್ಲ ಗಬ್ಬು ವಾಸನೆ! ಸ್ನಾನ ಮಾಡಿ ಬಂದ ಮಗನಿಗೂ ಹೇಳ್ದೆ, ಅವನು ಕುಡಿದಿದಾನೆ ಅಂತ.”

ಕೈಗೆ ಪಟ್ಟಿ ಹಾಕಿಕೊಂಡು ಒಳಕೋಣೆಯಲ್ಲಿ ಮಲಗಿದ್ದ ದಂತವೈದ್ಯರು ತಲೆಯಾಡಿಸಿದರು. “ಇಲ್ಲ ಅಕ್ಕಾ. ಅಮ್ಮ ಹಾಗೆ ಹೇಳ್ಲೇ ಇಲ್ಲ. ಕಾರಿಗೆ ತುಂಬಿಸಿ ಆಯ್ತು ಅಂತ ಹೇಳಿದ್ರು. ಕ್ಲಿನಿಕ್ಕಿಂದ ಅರ್ಜೆಂಟ್ ಫೋನ್ ಬಂತು. ಜಾಕ್ ಇಳಿದಿತ್ತು, ಡಬ್ಬಗಳೂ ಇರ್ಲಿಲ್ಲ, ಎಲ್ಲ ಮುಗಿಸಿ ಎತ್ತಿಟ್ಟಿದಾನೆ ಅಂದ್ಕೊಂಡೆ. ಮೀಟರಿನ ಹತ್ರ ಕೆಂಪು ದೀಪ ಉರೀತಿತ್ತು, ನಿಜ. ಆದ್ರೆ ಬದಲಾಯಿಸಿದ ಮೇಲೂ ಒಂದು ದೀಪ ಉರೀತಿರುತ್ತೆ, ಆಮೇಲೆ ಆರಿಸ್ಬೇಕು ಅಂತ ಅವನೇ ಹೇಳಿದ್ದ. ಅದೇ ಇದು ಅಂದ್ಕೊಂಡೆ.”

ಹೊರಗೆ ಬಂದು ನಾನು ಅಕ್ಕನ ಕಿವಿಯಲ್ಲಿ, “ಮುದುಕಿಯೇ ಸುಳ್ಳು ಹೇಳ್ತಿರೋದು. ಸೊಸೆಯ ತಮ್ಮನ್ನ ಮನೆಯಿಂದ ಓಡಿಸೋಕೆ,” ಎಂದೆ.

“ನಿನ್ನ ಬುದ್ಧಿಗೂ ಒಂದು ಕನ್ನಡಕ ಹಾಕಿಸ್ಕೋ,” ಎಂದಳು ಅಕ್ಕ. “ಯಾವ ತಾಯಿ ಮಗನನ್ನ ಖಾಲಿ ಎಂಜಿನ್ ಕೊಟ್ಟು ಕಳಿಸ್ತಾಳೆ? ಮೂವರೂ ನಿಜಾನೇ ಹೇಳ್ತಿದಾರೆ. ಕಷ್ಟ ಇರೋದೇ ಅಲ್ಲಿ.”

ಐದಕ್ಕೆ ಸರಿಯಾಗಿ ಇನ್‌ಸ್ಪೆಕ್ಟರ್ ಬಂದರು. ಎಲ್ಲರೂ ನಡುಮನೆಯಲ್ಲಿ ಕೂತೆವು. ತಮ್ಮ ಮಾತ್ರ ಬಾಗಿಲ ಬಳಿ, ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದ. ದೂರಿನ ಹಾಳೆ ಮೇಜಿನ ಮೇಲಿತ್ತು, ಸಹಿಯೊಂದು ಬಾಕಿ.

“ಸಾರ್, ಕಾರು ಬಿಚ್ಚಿದವರು ಏನಂದ್ರು?” ಅಕ್ಕ ಕೇಳಿದಳು.

“ಬೋಲ್ಟು ಬಿಗಿಯಾಗಿದೆ, ಫಿಲ್ಟರು ಹೊಸದು. ಒಳಗೆ ಎಣ್ಣೆ ಇಲ್ಲ. ರಸ್ತೆ ಮೇಲೂ ಒಂದು ತೊಟ್ಟು ಬಿದ್ದಿಲ್ಲ.”

“ಅಂದ್ರೆ ಸೋರಿದ್ದಲ್ಲ, ಹಾಕೇ ಇಲ್ಲ. ಅಪಘಾತ ಎಷ್ಟು ಗಂಟೆಗೆ?”

“ಹತ್ತೂವರೆ.”

“ಹತ್ತು ನಲವತ್ತಕ್ಕೆ ಇವನು ಅಂಗಡೀಲಿ ಡಬ್ಬ ಬದಲಾಯಿಸ್ತಿದ್ದ, ಚೀಟಿ ಇದೆ. ಬೇಕಂತ ಖಾಲಿ ಬಿಡೋನು ಎಂಟು ಡಬ್ಬ ಹೊತ್ಕೊಂಡು ಅಷ್ಟು ದೂರ ಹೋಗ್ತಾನಾ?” ಅಕ್ಕ ಚಿಂದಿ ಬಟ್ಟೆಯನ್ನು ಅತ್ತೆಯ ಮುಂದೆ ಹಿಡಿದಳು. “ಅಮ್ಮಾ, ಇದನ್ನ ಮೂಸಿ.”

“ಇದೇ! ಇದೇ ವಾಸನೆ!”

“ಇದು ನಿಮ್ಮ ಮಗನ ಕ್ಲಿನಿಕ್ಕಿನ ಸ್ಪಿರಿಟ್ಟು. ಬೋಲ್ಟ್ ಒರೆಸೋವಾಗ ಅಂಗಿ ಮೇಲೆ ಚೆಲ್ಲಿದ್ದು.”

ಅತ್ತೆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಮೂಸಿದರು.

ಅಕ್ಕ ಪುಸ್ತಕ ಬಿಚ್ಚಿದಳು. “ಇಷ್ಟು ಹೊತ್ತೂ ನೀವು ಮೂವರೂ ನನಗೆ ಅರ್ಥ ಹೇಳಿದ್ರಿ. ನನಗೆ ಅರ್ಥ ಬೇಡ. ಅವತ್ತು ಬಾಯಿಂದ ಬಂದ ಮಾತು ಬೇಕು, ಒಂದಕ್ಷರ ಆಚೀಚೆ ಆಗದ ಹಾಗೆ. ಮೊದಲು ನೀನಪ್ಪ. ಹೋಗ್ತಾ ಅಮ್ಮನಿಗೆ ಏನಂದೆ?”

ಅವನು ಕಣ್ಣುಮುಚ್ಚಿ ನೆನೆದ. “‘ಅಮ್ಮಾ, ಎಣ್ಣೆ ಹಾಕಿಲ್ಲ. ಭಾವಂಗೆ ಹೇಳಿ.’ ಅಷ್ಟೇ.”

“ಅಮ್ಮಾ, ನೀವು ಮಗನಿಗೆ?”

ಅತ್ತೆ ತಡವರಿಸಿದರು. “‘ಅವನು... ಎಣ್ಣೆ ಹಾಕಿದಾನೆ ಕಣೋ’ ಅಂದೆ.”

“ಡಾಕ್ಟ್ರೇ, ನೀವು ಕೇಳಿಸ್ಕೊಂಡಿದ್ದು?”

“‘ಎಣ್ಣೆ ಹಾಕಿದಾನೆ ಕಣೋ.’” ದಂತವೈದ್ಯರು ತಾಯಿಯ ಕಡೆ ತಿರುಗಿದರು.

ಇನ್‌ಸ್ಪೆಕ್ಟರ್ ಮೆಲ್ಲನೆ ಟೋಪಿ ತೆಗೆದರು.

“ಕುಡಿತ ಅನ್ನೋ ಮಾತೇ ಬೇಡ ಅಂತ ಈ ಮನೇಲಿ ನಾವೆಲ್ಲ ಎಣ್ಣೆ ಅಂತಾನೇ ಅಂತಿದ್ವಿ,” ಎಂದಳು ಹೆಂಡತಿ, ಮುಖ ಮುಚ್ಚಿಕೊಂಡು.

“ಮೂರು ಗಂಟೆಗೆ ನನ್ನ ಮುಂದೆಯೂ ಹಾಗೇ ಅಂದ್ಯಲ್ಲಮ್ಮ,” ಎಂದಳು ಅಕ್ಕ. “ಇವನ ಬಾಯಲ್ಲಿ ಅದು ಕಾರಿನ ಎಣ್ಣೆ. ಅಮ್ಮನ ಕಿವಿಗೆ ಬಿದ್ದಾಗ ಬಾಟ್ಲಿ ಎಣ್ಣೆ. ವಾಸನೆ ಬೇರೆ ಬಂದಿತ್ತಲ್ಲ, ಹಾಕಿಲ್ಲ ಅಂದ್ರೂ ಹಾಕಿದಾನೆ ಅಂತ ತೀರ್ಮಾನ ಮಾಡಿಬಿಟ್ರು. ಬೆಳಗ್ಗೆಯಿಂದ ಕಾರಿನದೇ ಧ್ಯಾನದಲ್ಲಿದ್ದ ಮಗನ ಕಿವೀಲಿ ಅದು ಮತ್ತೆ ಕಾರಿನ ಎಣ್ಣೆ ಆಯ್ತು. ಇಷ್ಟೇ ಸಾರ್ ಈ ಕೇಸು. ಇಲ್ಲಿ ಅಪರಾಧಿ ಯಾರೂ ಇಲ್ಲ.”

ಇನ್‌ಸ್ಪೆಕ್ಟರ್ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ನಾನು ನಿರಾಳವಾಗಿ ಉಸಿರುಬಿಟ್ಟೆ. ಆದರೆ ಅಕ್ಕ ಮಾತ್ರ ಬಾಗಿಲ ಬಳಿ ನಿಂತವನನ್ನೇ ನೋಡುತ್ತಿದ್ದಳು.

“ಎರಡು ದಿನದಿಂದ ಎಲ್ಲರೂ ನನ್ನ ಹತ್ರ ಬಂದು ಮೂಸಿ ನೋಡಿದ್ರು,” ಎಂದ ಅವನು. “ಕುಡಿದಿದೀಯಾ ಅಂತ ಒಬ್ಬರೂ ಕೇಳ್ಲಿಲ್ಲ.”

ಜೇಬಿನಿಂದ ಕೈ ಹೊರಬಂತು. ಅದರಲ್ಲೊಂದು ಚಪ್ಪಟೆ ಬಾಟಲಿಯಿತ್ತು. ಅವನ ಅಕ್ಕ ಕಿಟ್ಟನೆ ಕಿರುಚಿದಳು.

“ಬೆಳಗ್ಗೆ ತಂದೆ. ಇನ್ನೂ ಬಿಚ್ಚಿಲ್ಲ. ಹೇಗೂ ಕುಡುಕ ಅಂತ ಆಯ್ತಲ್ಲ, ಕುಡಿದೇಬಿಡೋಣ ಅನ್ನಿಸ್ತು.”

ಅತ್ತೆ ಎದ್ದರು. ನಡೆದುಹೋಗಿ ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡು ಅಡುಗೆಮನೆಯ ಸಿಂಕಿಗೆ ಒಯ್ದರು. ಮುಚ್ಚಳ ಅವರ ಕೈಗೆ ಜಗ್ಗಲಿಲ್ಲ. ತಿರುಗಿ ಅವನನ್ನೇ ನೋಡಿದರು.

“ನನ್ನ ಕೈಲಿ ಬೇಡಮ್ಮಾ,” ಎಂದ ಅವನು. “ನಾನು ಬಿಚ್ಚಬಾರದು.”

ದಂತವೈದ್ಯರು ಪಟ್ಟಿ ಹಾಕಿದ ಕೈಯನ್ನು ಎದೆಗವಚಿಕೊಂಡು ಎದ್ದುಹೋದರು. ತಾಯಿ ಬಾಟಲಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು, ಮಗ ಎಡಗೈಯಿಂದ ಮುಚ್ಚಳ ತಿರುಗಿಸಿದರು. ಅಷ್ಟೂ ಸಿಂಕಿಗೆ ಸುರಿದ ಮೇಲೆ ಅತ್ತೆ ನಲ್ಲಿ ಬಿಟ್ಟು ಬಹಳ ಹೊತ್ತು ಕೈ ತೊಳೆದುಕೊಂಡರು. ಆಮೇಲೆ ಸೆರಗಿಗೆ ಕೈ ಒರೆಸುತ್ತಾ, ಅವನ ಕಡೆ ನೋಡದೆಯೇ, “ಊಟ ಮಾಡ್ದೆ ಎರಡು ದಿನ ಆಯ್ತಂತಲ್ಲ. ಕೂತ್ಕೋ, ಬಡಿಸ್ತೀನಿ,” ಎಂದರು.