ಮೂರನೇ ಸಿಲಿಂಡರಿನ ತುಕ್ಕು

ಸ್ಪ್ಯಾನರ್ ಗುರಿ ತಪ್ಪಲಿಲ್ಲ!

ಡ್ರೈವರಿನ ಹಣೆ ಒಡೆದು ರಕ್ತ ಹುಬ್ಬಿನ ಮೇಲಿಂದ ಬಳಬಳ ಇಳಿಯಿತು. ಎಸೆದವಳು ಬೇರೆ ಯಾರೂ ಅಲ್ಲ, ಮುಂದಿನ ವಾರ ಅವನನ್ನೇ ಮದುವೆಯಾಗಬೇಕಿದ್ದ ಮೆಕ್ಯಾನಿಕ್ ಹುಡುಗಿ! ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಚಂಡಿ ಅಂತ ಸುಮ್ಮನೆ ಕರೀತಾರಾ?

"ಅಪ್ಪ ಬೆವರು ಸುರಿಸಿ ಕೊಂಡ ಪಿಕಪ್ ಕಣೋ ಅದು! ನೆರೆ ನೀರಲ್ಲಿ ಓಡಿಸಿ ಎಂಜಿನ್ ಹಾಳು ಮಾಡಿ, ಈಗ ಇಲ್ಲ ಅಂತೀಯಾ?"

"ನೀರು ಏರೋಕ್ ಮುಂಚೆನೇ ಆಫ್ ಮಾಡಿ ಇಳಿದೆ. ಆಮೇಲೆ ಕೀ ಮುಟ್ಟಿಲ್ಲ."

"ಸುಳ್ಳು!" ಅವಳ ಅಣ್ಣ ನುಗ್ಗಿ ಬಂದು ಅವನ ಹೊಟ್ಟೆಗೆ ಒದ್ದ. ಬಿದ್ದವನ ಮುಖಕ್ಕೆ ಇನ್ನೊಂದು ಗುದ್ದು. "ನೀರಲ್ಲಿ ಓಡಿಸಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ!"

ಡ್ರೈವರ್ ರಕ್ತ ಉಗಿದು ಅವಳನ್ನೇ ನೋಡಿದ. "ಎಂಜಿನ್ ಬಿಚ್ಚು. ನಾನು ಸುಳ್ಳ ಅಂತಾದ್ರೆ ಮದುವೆನೂ ಬೇಡ, ಈ ಊರೂ ಬೇಡ."

ಮೂರು ದಿನ ಬೀದಿಯ ನೀರಲ್ಲಿ ಮುಳುಗಿ ನಿಂತಿದ್ದ ಗಾಡಿ. ಅವಳೇ ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಿ ನೋಡಿದರೆ... ಮೂರನೇ ಪಿಸ್ಟನ್ ಪೂರ್ತಿ ಮೇಲಕ್ಕೇ ಬರುತ್ತಿಲ್ಲ! ಒಳಗೆ ನೀರಿದ್ದಾಗ ಎಂಜಿನ್ ತಿರುಗಿ ಅದನ್ನು ಕೆಳಗಿಂದ ತಳ್ಳುವ ರಾಡ್ ಬಗ್ಗಿಹೋಗಿದೆ.

'ಹಾಗಾದ್ರೆ ಇವನು ಸುಳ್ಳನೇ? ದೇವರೇ, ಇಂಥವನನ್ನಾ ನಾನು ಇಷ್ಟು ಪ್ರೀತಿಸಿದ್ದು...'

ಇನ್ನೊಮ್ಮೆ ಬಗ್ಗಿ ನೋಡಿದಳು. ಮೂರು ದಿನ ಪಿಸ್ಟನ್ ಅಲುಗದೆ ನಿಂತಿದ್ದ ಕಡೆ, ಅದರ ತಲೆಯ ಮಟ್ಟಕ್ಕೆ, ಪ್ರತಿ ಸಿಲಿಂಡರಿನ ಗೋಡೆಗೂ ತುಕ್ಕಿನ ಗೆರೆ ಬಿದ್ದಿತ್ತು. ಕೈಯಲ್ಲೇ ಎಂಜಿನ್ ಮೆಲ್ಲಗೆ ತಿರುಗಿಸಿದಳು. ಉಳಿದ ಮೂರು ಪಿಸ್ಟನ್‌ಗಳು ತಮ್ಮ ತಮ್ಮ ಗೆರೆಗೆ ಸರಿಯಾಗಿ ಕೂತವು. ಬಗ್ಗಿದ ರಾಡಿನದು ಮಾತ್ರ ಗೆರೆಗಿಂತ ಉಗುರಿನಷ್ಟು ಕೆಳಗೇ ಉಳಿಯಿತು.

"ರಾಡ್ ನೆಟ್ಟಗಿದ್ದಾಗ್ಲೇ ತುಕ್ಕು ಹಿಡಿದಿದೆ! ಇವನು ಓಡಿಸಿ ಬಗ್ಗಿದ್ರೆ ಗೆರೆನೂ ಕೆಳಗೇ ಬೀಳ್ತಿತ್ತು. ಅಂದ್ರೆ ಬೀದಿ ನೀರಿಳಿದ ಮೇಲೆ, ಒಳಗಿನ ನೀರು ತೆಗೀದೇನೇ ಯಾರೋ ಸ್ಟಾರ್ಟ್ ಮಾಡಿದ್ದಾರೆ... ಅಣ್ಣಾ, ಆವಾಗ ಕೀ ನಿನ್ನ ಹತ್ರ ಇತ್ತಲ್ವಾ?"

ಅಣ್ಣನ ಮುಖ ಬಿಳಿಚಿತು. "ಒಂದೇ ಸಲ ತಿರುಗಿಸ್ದೆ... ಟಕ್ ಅಂತು... ಅಪ್ಪ ಬೈತಾರೆ ಅಂತ..."

ಚಂಡಿ ಅವನ ಕಾಲರ್ ಹಿಡಿದು ಗಾಡಿ ಬಾಗಿಲಿಗೆ ಅಪ್ಪಳಿಸಿದಳು. ಒಂದಲ್ಲ, ಎರಡು ಸಲ! ಅಣ್ಣನ ಮೂಗಿಂದ ರಕ್ತ ಚಿಮ್ಮಿತು. ಮೂರನೆಯದಕ್ಕೆ ಡ್ರೈವರೇ ಅವಳ ಕೈ ತಡೆದ. "ಸಾಕು, ಬಿಡು." ಅಷ್ಟು ಹೇಳಿ ಹೊರಟೇಬಿಟ್ಟ.

"ಎಲ್ಲಿಗೆ? ನೀನೇ ಗೆದ್ದೆಯಲ್ಲೋ!"

"ಏನು ಗೆದ್ದೆ? ನಾನು ಬಾಯ್ಬಿಟ್ಟು ಹೇಳಿದಾಗ ನಂಬ್ಲಿಲ್ಲ. ತುಕ್ಕು ಹೇಳಿದ್ಮೇಲೆ ನಂಬಿದೆ."

ಯಾರ ಮುಂದೆಯೂ ಕಣ್ಣೀರು ಹಾಕದ ಹುಡುಗಿ ಗೊಳೋ ಅಂತ ಅತ್ತುಬಿಟ್ಟಳು. ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ತಪ್ಪಾಯ್ತು ಕಣೋ... ನೀನಿಲ್ದೆ ನಂಗೆ ಆಗಲ್ಲ! ಇನ್ಮೇಲೆ ನೀನು ಹಗಲನ್ನ ರಾತ್ರಿ ಅಂದ್ರೂ ನಂಬ್ತೀನಿ."

"ಅಷ್ಟೆಲ್ಲ ಬೇಡ ಕಣೇ. ಹೊಡೆಯೋಕ್ ಮುಂಚೆ ಒಂದು ಮಾತು ಕೇಳು, ಸಾಕು."

"ಕೇಳ್ತೀನಿ... ಹೊಸ ರಾಡ್ ಕೂರಿಸೋಕೆ ಐದು ದಿನ ಬೇಕು. ಜೊತೆಗಿರ್ತೀಯಾ?"

ಅವನು ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಅವಳು ಅಂಗೈಯನ್ನು ಅವನ ಹಣೆಯ ಗಾಯಕ್ಕೆ ಒತ್ತಿ ಹಿಡಿದಳು.

"ತುಂಬಾ ನೋಯ್ತಿದ್ಯಾ?"

"ನೋಯ್ತಿದೆ," ಅಂದ ಅವನು, ಕಣ್ಣು ಮುಚ್ಚಿ. "ಕೈ ತೆಗೀಬೇಡ."